ನಮ್ಮ ಫೋರ್ ವೀಲ್ ಜೀಪು ಟೂ ವೀಲ್ ಆದದ್ದು

ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಕಟ್ ಕಟ್ ಅನ್ನುತ್ತಿತ್ತು. ನೇರ ಹೋದರೆ ಸುಮ್ಮನಿರುತ್ತಿತ್ತು. ಮೊದಲ ಮಳೆಗಾಲ ಕೇಳಿಸದವನ ಹಾಗೆ ಓಡಿಸಿದೆ. ಮರುವರ್ಷ ಅದಕ್ಕೆ ಇನ್ನೊಂದು ಸದ್ದು ಸೇರಿತು. ಸ್ಪೀಡು 45 ದಾಟಿದರೆ ಕಾಲಡಿಯಲ್ಲಿ ಗುಂಯ್ ಅಂತ ಒಂದು ನಡುಕ. ಸಾಲದ್ದಕ್ಕೆ ಮುಂದಿನ ಬಲ ಚಕ್ರದ ಒಳಗಿನಿಂದ ಗ್ರೀಸು, ಆಯಿಲ್ ಕಲಸಿದ ಕಪ್ಪು ರಾಡಿ ಅಂಗಳದ ತುಂಬ ಚುಕ್ಕಿ ಇಡುತ್ತಿತ್ತು. ಸಗಣಿ ಸಾರಿಸಿದ ಅಂಗಳಕ್ಕೆ ಈ ರಂಗೋಲಿ ಬೇಡ ಅಂತ ಮನೆಯಲ್ಲಿ ದಿನಾ ಹೇಳಿಸಿಕೊಳ್ಳಬೇಕಾಯಿತು.

ನಮ್ಮದು ಶಿರಸಿಯಿಂದ ಯಾಣದ ಕಡೆ ಹೋಗುವಾಗ ಸ್ವಲ್ಪ ಒಳಗೆ ಸಿಗುವ ಊರು. ಗಾಡಿ ಹಳೇ ಮಹೀಂದ್ರಾ ಎಂಎಂ 540. 2112 ಸಿಸಿಯ ಪೆಜೋ ಡೀಸೆಲ್ ಇಂಜಿನ್ನು. ಅಪ್ಪ ಸೆಕೆಂಡ್ ಹ್ಯಾಂಡ್ ತಂದದ್ದು. ಆಗ ತೋಟಕ್ಕೂ ಸೊಪ್ಪಿನ ಬೆಟ್ಟಕ್ಕೂ ಇದ್ದದ್ದು ಎತ್ತಿನ ಗಾಡಿಯ ದಾರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಫೋರ್ ವೀಲ್ ಹಾಕದೆ, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಕೊಡದೆ, ಟಾರ್ ರಸ್ತೆ ಮುಟ್ಟುವುದೇ ಆಗುತ್ತಿರಲಿಲ್ಲ. ಈಗ ಮನೆಬಾಗಿಲ ತನಕ ಕಾಂಕ್ರೀಟ್ ಬಂದಿದೆ. ಕೂತು ಲೆಕ್ಕ ಹಾಕಿದೆ. ಹಿಂದಿನ ಒಂದು ವರ್ಷದಲ್ಲಿ ನಾನು ಫೋರ್ ವೀಲ್ ಹಾಕಿದ್ದು ಆರೇ ಸಲ. ಅದರಲ್ಲಿ ಎರಡು ಸಲ ಭಾವನಿಗೆ ತೋರಿಸಲಿಕ್ಕೆ.

ಮುಂದಿನ ಹೌಸಿಂಗ್ (ಎರಡು ಚಕ್ರಗಳ ನಡುವೆ ಆಕ್ಸಲ್ ಕೂತಿರುವ ಕಬ್ಬಿಣದ ಕೊಳವೆ) ಪೂರ್ತಿ ರಿಪೇರಿ ಅಂದರೆ ಕ್ರಾಸು (ತಿರುಗುವ ಶಾಫ್ಟು ಬಾಗಲಿಕ್ಕೆ ಬಿಡುವ ಜಾಯಿಂಟು), ಕಿಂಗ್‌ಪಿನ್ ಬೇರಿಂಗು, ಸೀಲುಗಳು, ಪಿನಿಯನ್ ಬೇರಿಂಗು, ಮೇಲೆ ಕೂಲಿ. ಶಿರಸಿಯ ನಮ್ಮ ಗ್ಯಾರೇಜ್ ಮೇಸ್ತ್ರಿ 28 ಸಾವಿರ ಅಂದರು. ಸಾಮಾನಿಗೆ ಹುಬ್ಬಳ್ಳಿಗೆ ಹೋಗಬೇಕು, ಅಲ್ಲೂ ಎಲ್ಲಾ ಸಿಗುತ್ತದೆ ಅಂತ ಇಲ್ಲ. ನನ್ನ ಮುಖ ನೋಡಿ ಅವರೇ ಹೇಳಿದರು: "ಭಟ್ರೇ, ಎಂತಕ್ಕೆ ಸುಮ್ನೆ ಖರ್ಚು? ಟೂ ವೀಲ್ ಮಾಡಿ ಬಿಡುವಾ."

ಲಿವರ್ ಟೂ ವೀಲ್‌ನಲ್ಲೇ ಇದೆಯಲ್ಲ, ಇನ್ನೆಂತ ಮಾಡುವುದು ಅಂತ ನಾನು ಕೇಳಿದೆ. ನನ್ನ ಹಾಗೆ ಯೋಚಿಸುವವರು ಜಾಸ್ತಿ ಇದ್ದಾರೆ ಅಂತ ಆಮೇಲೆ ಗೊತ್ತಾಯಿತು. ಲಿವರನ್ನು ಟೂ ವೀಲ್‌ಗೆ ಹಾಕಿದರೆ ಇಂಜಿನ್ನಿನ ಬಲ ಮುಂದಕ್ಕೆ ಹೋಗುವುದು ನಿಲ್ಲುತ್ತದೆ, ಅಷ್ಟೇ. ರಸ್ತೆಯ ಮೇಲೆ ಉರುಳುವ ಮುಂದಿನ ಚಕ್ರಗಳು ಒಳಗಿನ ಆಕ್ಸಲನ್ನು ತಿರುಗಿಸುತ್ತಲೇ ಇರುತ್ತವೆ. ಆಕ್ಸಲ್ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ, ಕ್ರೌನು ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವನ್ನು, ಪಿನಿಯನ್ನು ಉದ್ದದ ಪ್ರೊಪೆಲ್ಲರ್ ಶಾಫ್ಟನ್ನು. ಕಬ್ಬು ಮುಗಿದ ಮೇಲೂ ಗಾಣ ಸುತ್ತುವ ಆಲೆಮನೆಯ ಕೋಣದ ಹಾಗೆ. ವರ್ಷಕ್ಕೆ ಆರು ಸಲದ ಕೆಲಸಕ್ಕೆ ಅಷ್ಟೂ ಕಬ್ಬಿಣ 365 ದಿನ ಸುತ್ತುತ್ತಿತ್ತು, ಸವೆಯುತ್ತಿತ್ತು.

ನನಗೆ ಮೊದಲು ಹತ್ತಿದ್ದು ದೊಡ್ಡ ಹುಚ್ಚು. ಗೇರ್ ಬಾಕ್ಸಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸನ್ನೇ ಇಳಿಸಿ ಬಿಸಾಡುವುದು. ಮುಂದಿನ ಹೌಸಿಂಗ್ ತೆಗೆದು ಟೂ ವೀಲ್ ಜೀಪಿನ ಬೀಮ್ ಆಕ್ಸಲ್ (ಚಕ್ರ ಹೊರುವ ಬರೀ ಕಬ್ಬಿಣದ ತೊಲೆ) ಹಾಕುವುದು. ಹುಬ್ಬಳ್ಳಿಯ ಗುಜರಿಯಲ್ಲಿ ಒಂದು ಬೀಮು ನೋಡಿಕೊಂಡೂ ಬಂದೆ. ಮೇಸ್ತ್ರಿ ಬೈಯಲಿಲ್ಲ. ನನ್ನನ್ನು ಜೀಪಿನ ಅಡಿಗೆ ಮಲಗಿಸಿ ಹಿಂದಿನ ಡೂಮ್, ಅಂದರೆ ಹೌಸಿಂಗಿನಲ್ಲಿ ಕ್ರೌನು, ಪಿನಿಯನ್ನು ಕೂತಿರುವ ಗುಂಡು ಉಬ್ಬು, ಎಲ್ಲಿದೆ ನೋಡಿ ಅಂದರು. ಅದು ನಡುವಿನಲ್ಲಿ ಇಲ್ಲ, ಬಲಕ್ಕೆ ಸರಿದಿದೆ. ಇಷ್ಟು ವರ್ಷ ಓಡಿಸಿ ನಾನು ಅದನ್ನು ಗಮನಿಸಿರಲಿಲ್ಲ. ನಮ್ಮ ಜೀಪಿನಲ್ಲಿರುವುದು ಹಳೇ ವಿಲ್ಲಿಸ್ ಜೀಪಿನ ಕಾಲದಿಂದ ಬಂದ ಸ್ಪೈಸರ್ 18 ನಮೂನೆಯ ಟ್ರಾನ್ಸ್‌ಫರ್ ಕೇಸು. ಗೇರ್ ಬಾಕ್ಸಿನಿಂದ ಬಲ ಅದರೊಳಗೆ ಬಂದು, ಹಲ್ಲುಚಕ್ರಗಳ ಮೇಲೆ ಬಲಗಡೆಗೆ ಸರಿದು, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಹಾಗಾಗಿ ಎರಡೂ ಡೂಮ್‌ಗಳು ಬಲಕ್ಕಿವೆ. ಟ್ರಾನ್ಸ್‌ಫರ್ ಕೇಸ್ ತೆಗೆದರೆ ಇಂಜಿನ್ನಿನ ಬಲ ನಡುವಿನಿಂದ ಹೊರಡುತ್ತದೆ, ಡೂಮ್ ಬಲಗಡೆಯೇ ಉಳಿಯುತ್ತದೆ. ಶಾಫ್ಟು ಅಡ್ಡಡ್ಡ ಓಡಬೇಕು. ಅದನ್ನು ಸರಿ ಮಾಡಲಿಕ್ಕೆ ಹಿಂದಿನ ಹೌಸಿಂಗೂ ಬದಲಾಗಬೇಕು. ಇನ್ನೊಂದು ಅಂದರೆ ಹ್ಯಾಂಡ್ ಬ್ರೇಕು. ನಮ್ಮ ಜೀಪಿನಲ್ಲಿ ಅದರ ಡ್ರಮ್ ಇರುವುದು ಹಿಂದಿನ ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೆ. ಕೇಸು ಹೋದರೆ ಅದೂ ಹೋಯಿತು.

ಕಾಗದದ ಪ್ರಶ್ನೆಯೂ ಇತ್ತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಇಂಥ ಬದಲಾವಣೆಯ ಬಗ್ಗೆಯೇ ಇದೆ. ಕಂಪನಿ ಕೊಟ್ಟ ವಿವರಕ್ಕೂ ಆರ್.ಸಿ.ಯಲ್ಲಿ ಇರುವುದಕ್ಕೂ ತಾಳೆಯಾಗದ ಹಾಗೆ ಗಾಡಿಯನ್ನು ಮಾರ್ಪಾಡು ಮಾಡುವ ಹಾಗಿಲ್ಲ. ನಮ್ಮ ಆರ್.ಸಿ.ಯಲ್ಲಿ ಫೋರ್ ವೀಲ್ ಅಂತಲೇ ಬರೆದಿದೆ. ಹೌಸಿಂಗನ್ನೇ ಬದಲು ಮಾಡಿದರೆ ನಾಳೆ ಎಫ್.ಸಿ.ಗೆ (ಫಿಟ್ನೆಸ್ ಪರೀಕ್ಷೆಗೆ) ಅಂತ ಕೆಎ 31ರ, ಅಂದರೆ ಶಿರಸಿ ಆರ್.ಟಿ.ಓ. ಆಫೀಸಿನ ಅಂಗಳದಲ್ಲಿ ನಿಲ್ಲಿಸಿದಾಗ ಏನು ಹೇಳಲಿ? ಏನಾದರೂ ಅಪಘಾತವಾದರೆ ಇನ್ಶೂರೆನ್ಸಿನವರಿಗೆ ಏನು ಹೇಳಲಿ? ಬೀಮಿನ ಆಸೆ ಅಲ್ಲಿಗೇ ಬಿಟ್ಟೆ. ಬೋಲ್ಟು ಬಿಚ್ಚಿ ಮತ್ತೆ ಹಾಕಬಹುದಾದಷ್ಟನ್ನು ಮಾತ್ರ ಬಿಚ್ಚುವುದು ಅಂತ ತೀರ್ಮಾನವಾಯಿತು.

ಕಾರವಾರದ ಗೆಳೆಯನೊಬ್ಬ ತನ್ನ ಜಿಪ್ಸಿ ತೋರಿಸಿ ನಕ್ಕ. ಅದರ ಮುಂದಿನ ಚಕ್ರದ ನಡುವಿನ ಹಬ್ಬಿನಲ್ಲೇ ತಿರುಗಿಸುವ ಗುಂಡಿ ಇದೆ. ಲಾಕ್‌ನಿಂದ ಫ್ರೀಗೆ ತಿರುಗಿಸಿದರೆ ಚಕ್ರಕ್ಕೂ ಆಕ್ಸಲಿಗೂ ಸಂಬಂಧ ತಪ್ಪುತ್ತದೆ. ನಾನು ಪಾನಾ ಹಿಡಿದು ಮಾಡಬೇಕಾದದ್ದನ್ನು ಅವನು ಇಳಿದು ಎರಡು ಬೆರಳಲ್ಲಿ ಮಾಡುತ್ತಾನೆ. ಜೀಪಿಗೂ ಅಂಥ ಹಬ್ಬು ಹಾಕಬಹುದು. ನಿಮ್ಮ ಗಾಡಿಗೆ ಸರಿಹೊಂದುವುದು ಸಿಕ್ಕರೆ ಮುಂದೆ ಓದಲೇಬೇಡಿ, ಅದನ್ನೇ ಹಾಕಿಸಿ. ನನಗೆ ಸಿಕ್ಕಿದ ಒಂದು ಜೊತೆ ಹಳೆಯದು, ಅದರ ಹಲ್ಲು ನಮ್ಮ ಆಕ್ಸಲಿನ ಹಲ್ಲಿಗೆ ಕೂಡಿ ಬರಲಿಲ್ಲ.

ಒಂದು ಭಾನುವಾರ ಮನೆಯಲ್ಲೇ ಕೈಹಾಕಿದೆ. ಮೊದಲು ಮುಂದಿನ ಶಾಫ್ಟು ಮಾತ್ರ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟೆ. ಎರಡೂ ತುದಿಯ ಜೋಡಣೆಯ ಮೇಲೆ ಬಿಳಿ ಬಣ್ಣದ ಗೆರೆ ಎಳೆದುಕೊಂಡೆ, ಮತ್ತೆ ಹಾಕುವಾಗ ಹಾಗೇ ಕೂರಬೇಕು, ಇಲ್ಲದಿದ್ದರೆ ಹೊಸ ನಡುಕ ಹುಟ್ಟುತ್ತದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಡೀಸೆಲ್ ಹಚ್ಚಿಟ್ಟಿದ್ದೆ. ಬಿಚ್ಚಿ ಕೆಳಗಿಳಿಸುವಾಗ ಕ್ರಾಸಿನ ಟೋಪಿಗಳು ಕಳಚಿ ಒಳಗಿನ ಸೂಜಿ ಬೇರಿಂಗು ಚೆಲ್ಲದ ಹಾಗೆ ಬಾಳೆನಾರಿನಿಂದ ಬಿಗಿದು ಕಟ್ಟಿದೆ. ಇನ್ಸುಲೇಷನ್ ಟೇಪು ಹುಡುಕುವಷ್ಟು ವ್ಯವಧಾನ ಇರಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಮೇಲಿರುವ ಫ್ಲಾಂಜನ್ನು (ಶಾಫ್ಟು ಬಿಗಿಯುವ ಬಿಲ್ಲೆಯನ್ನು) ಮಾತ್ರ ಮುಟ್ಟಬಾರದು. ಆಯಿಲ್ ಸೀಲು ಹಿಡಿದಿರುವುದು ಅದರ ಕತ್ತನ್ನೇ. ಅದು ಇದ್ದಲ್ಲೇ ಇದ್ದರೆ ಒಂದು ಹನಿ ಆಯಿಲೂ ಹೊರಗೆ ಬರುವುದಿಲ್ಲ. ಕೆಲವು ಗಾಡಿಗಳಲ್ಲಿ ಶಾಫ್ಟಿನ ತುದಿಯೇ ಕೇಸಿನೊಳಕ್ಕೆ ತೂರಿಕೊಂಡಿರುತ್ತದೆ. ಅಂಥದ್ದನ್ನು ಎಳೆದರೆ ಆಯಿಲೆಲ್ಲಾ ನೆಲಕ್ಕೆ.

ಟಾರ್ ರಸ್ತೆಗೆ ಒಯ್ದು ನೋಡಿದೆ. 45, 50, 55. ಕಾಲಡಿಯ ನಡುಕ ಪೂರ್ತಿ ಮಾಯ. ತಿರುವಿನ ಕಟ್ ಕಟ್ ಮಾತ್ರ ಹಾಗೇ ಇತ್ತು. ಅಂದರೆ ನಡುಕ ಶಾಫ್ಟಿನದ್ದು, ಕಟ್ ಕಟ್ ಮುಂದಿನ ಬಲ ಚಕ್ರದ ಒಳಬದಿಯ ಗೋಳದೊಳಗಿನ ಆಕ್ಸಲ್ ಜಾಯಿಂಟಿನದ್ದು. ಒಂದೊಂದಾಗಿ ಬಿಚ್ಚಿದ್ದರಿಂದ ಇದು ಗೊತ್ತಾಯಿತು. ಎಲ್ಲಾ ಒಟ್ಟಿಗೆ ಬಿಚ್ಚಿದ್ದರೆ ಯಾವುದು ಕೆಟ್ಟಿತ್ತು ಅಂತ ತಿಳಿಯುತ್ತಲೇ ಇರಲಿಲ್ಲ.

ಎರಡನೇ ಹಂತಕ್ಕೆ ಮೇಸ್ತ್ರಿ ಹೇಳಿದ್ದು ಇಷ್ಟೇ: ಹಬ್ಬಿನ ತುದಿಯ ಟೋಪಿ ತೆಗಿ, ಸರ್ಕ್ಲಿಪ್ (ಆಕ್ಸಲಿನ ತುದಿಯ ಉಂಗುರ) ತೆಗಿ, ಚಕ್ರವನ್ನೂ ಆಕ್ಸಲನ್ನೂ ಜೋಡಿಸುವ ಡ್ರೈವ್ ಫ್ಲಾಂಜನ್ನು ಎಳೆ, ಅದರ ಜಾಗಕ್ಕೆ ತಗಡಿನ ಮುಚ್ಚಳ ಹಾಕು. ಆಕ್ಸಲ್ ಒಳಗೇ ಇರಲಿ, ಅದರ ಪಾಡಿಗೆ ನಿಂತಿರುತ್ತದೆ. ಈ ಜೀಪಿನಲ್ಲಿ ಚಕ್ರದ ಭಾರ ಹೊರುವುದು ಹೊರಗಿನ ಸ್ಪಿಂಡಲ್ ಎಂಬ ಟೊಳ್ಳು ಕೊಳವೆಯ ಮೇಲೆ ಕೂತ ಎರಡು ಟೇಪರ್ ಬೇರಿಂಗು. ಆಕ್ಸಲಿಗೆ ತಿರುಗಿಸುವ ಕೆಲಸ ಬಿಟ್ಟರೆ ಬೇರೆ ಇಲ್ಲ. ಎಡಗಡೆ ನಾನು ಹೇಳಿದಷ್ಟೇ ಮಾಡಿದೆ. ಲೇತ್ ಅಂಗಡಿಯಲ್ಲಿ 5 ಮಿಲಿಮೀಟರ್ ದಪ್ಪದ ಎರಡು ಗುಂಡು ತಗಡು ಕೊಯ್ಸಿ, ಫ್ಲಾಂಜಿನ ಅಳತೆಗೇ ತೂತು ಹೊಡೆಸಿದ್ದೆ. ಪೇಪರ್ ಗ್ಯಾಸ್ಕೆಟ್ ಇಟ್ಟು ಬಿಗಿದರೆ ಗ್ರೀಸು ಹೊರಗೆ ಬರುವುದಿಲ್ಲ, ಕೆಸರು ಒಳಗೆ ಹೋಗುವುದಿಲ್ಲ. ಮುಚ್ಚಳ ಇಲ್ಲದೆ ಓಡಿಸಿದರೆ ನಮ್ಮ ಮಳೆಗೆ ಬೇರಿಂಗು ಒಂದು ತಿಂಗಳೂ ಬಾಳಲಿಕ್ಕಿಲ್ಲ.

ಬಲಗಡೆಗೆ ಬಂದಾಗ ನನ್ನ ಬುದ್ಧಿ ಕೆಟ್ಟಿತು. ಕೆಟ್ಟ ಜಾಯಿಂಟು ಹೇಗಿದೆ ನೋಡುವ ಕುತೂಹಲ. ಅದರ ಚೂರುಗಳು ಒಳಗೇ ಇದ್ದರೆ ಏನಾಗುತ್ತೋ ಎಂಬ ಹೆದರಿಕೆಯೂ ಇತ್ತು. ಸ್ಪಿಂಡಲ್ ಬಿಚ್ಚಿ ಆಕ್ಸಲನ್ನೇ ಪೂರ್ತಿ ಹೊರಗೆಳೆದೆ. ಕ್ರಾಸಿನ ಒಂದು ಕೈ ಸವೆದು ಕಬ್ಬಿನ ಸಿಪ್ಪೆಯ ಹಾಗಾಗಿತ್ತು. ಗೋಳವನ್ನು ಡೀಸೆಲಿನಲ್ಲಿ ತೊಳೆದೆ. ಬೇರಿಂಗಿಗೆ ಹೊಸ ಗ್ರೀಸ್ ತುಂಬಿದೆ. ನಟ್ಟನ್ನು ಚಕ್ರ ಬಿಗಿಯಾಗುವ ತನಕ ತಿರುಗಿಸಿ, ಆಮೇಲೆ ಚಕ್ರ ಸಲೀಸಾಗಿ ಸುತ್ತುವಷ್ಟು ಹಿಂದೆ ಬಿಟ್ಟು, ಲಾಕ್ ವಾಷರಿನ ಕಿವಿ ಮಡಚಿ, ಮೇಲೆ ಇನ್ನೊಂದು ನಟ್ಟು ಬಿಗಿದೆ. ಎಲ್ಲಾ ಚಂದವಾಯಿತು. ಆಕ್ಸಲ್ ಎಳೆದಾಗ ಡೂಮಿನ ಆಯಿಲಿಗೆ ಬಾಗಿಲು ತೆರೆದಂತಾಯಿತು ಅಂತ ಮಾತ್ರ ಹೊಳೆಯಲಿಲ್ಲ. ಹೌಸಿಂಗಿನ ಒಳಗಿರುವ ಸೀಲು ಆಕ್ಸಲನ್ನು ತಬ್ಬಿಕೊಂಡು ಕೂತಿರುತ್ತದೆ. ಆಕ್ಸಲೇ ಇಲ್ಲದಿದ್ದರೆ ಅದು ಬರೀ ಒಂದು ತೂತು.

ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ಕುಮಟೆಯಲ್ಲಿ ಒಂದು ಉಪನಯನ. ಹಿಂದಿನ ರಾತ್ರಿ ಜೀಪನ್ನು ಬಲಕ್ಕೆ ವಾಲಿದ ಜಾಗದಲ್ಲಿ ನಿಲ್ಲಿಸಿದ್ದೆ. ಬೆಳಿಗ್ಗೆ ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಒತ್ತಿದರೆ ಜೀಪು ಎಡಕ್ಕೆ ಎಳೆಯಿತು. ಎರಡನೇ ಸಲ ಇನ್ನೂ ಜೋರಾಗಿ. ಮೂರನೇ ತಿರುವಿನಲ್ಲಿ ಸ್ಟೇರಿಂಗನ್ನು ಎರಡೂ ಕೈಯಿಂದ ಬಲಕ್ಕೆ ಜಗ್ಗಿ ಹಿಡಿದೆ. ಅಲ್ಲಿ ಎಡಗಡೆ ಗುಡ್ಡ ಇತ್ತು, ಪುಣ್ಯ. ಎರಡನೇ ಗೇರಿಗೆ ಇಳಿಸಿ, ಚರಂಡಿಯ ಪಕ್ಕ ನಿಲ್ಲಿಸಿ ನೋಡಿದರೆ ಬಲ ಚಕ್ರದ ಒಳಗಡೆ ಆಯಿಲ್ ಇಳಿಯುತ್ತಿದೆ. ಡೂಮಿನ ಆಯಿಲ್ ಕೊಳವೆಯಲ್ಲಿ ಹರಿದು, ಗೋಳ ತುಂಬಿ, ಸ್ಪಿಂಡಲಿನ ತೂತಿನಿಂದ ಹಬ್ಬಿಗೆ ಬಂದು, ಗ್ರೀಸನ್ನೂ ತೊಳೆದುಕೊಂಡು ಬ್ರೇಕ್ ಡ್ರಮ್ಮಿನೊಳಗೆ ಹೋಗಿತ್ತು. ಬಲಗಡೆ ಬ್ರೇಕ್ ಜಾರುತ್ತಿತ್ತು, ಎಡದ್ದು ಹಿಡಿಯುತ್ತಿತ್ತು. ಹೆಂಡತಿ, ಮಕ್ಕಳನ್ನು ಬಸ್ಸಿಗೆ ಹತ್ತಿಸಿದೆ. ನಾನು ಉಪನಯನದ ಊಟಕ್ಕೆ ಹೋಗಲಿಲ್ಲ.

ಬ್ರೇಕ್ ಶೂ ಎರಡೂ ಕಡೆ ಹೊಸದು ಹಾಕಿಸಬೇಕಾಯಿತು. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಘಟ್ಟದವರು ಆ ಕೆಲಸ ಮಾಡಬಾರದು, ಬಿಸಿಯಾದಾಗ ಆಯಿಲ್ ಮತ್ತೆ ಮೇಲೆ ಬರುತ್ತದೆ. ಲೇತಿನವರು ಕೊಳವೆಯ ಸೀಲಿನ ಅಳತೆಗೆ ಒಂದು ಗುಂಡು ಬುಚ್ಚು ಮಾಡಿಕೊಟ್ಟರು. ಆಕ್ಸಲಿನ ಜಾಗದಲ್ಲಿ ಅದು ಕೂತಿದೆ. ಜೊತೆಗೆ ಡೂಮಿನ ಆಯಿಲನ್ನೂ ಇಳಿಸಿದೆ. ಸುತ್ತದ ಹಲ್ಲಿಗೆ ಅಷ್ಟು ಆಯಿಲ್ ಬೇಡ, ತುಕ್ಕು ಹಿಡಿಯದಷ್ಟು ಇದ್ದರೆ ಸಾಕು. ಡೂಮಿನ ಮೇಲೆ "ಆಯಿಲ್ ಇಲ್ಲ" ಅಂತ ಬಣ್ಣದಲ್ಲಿ ಬರೆದಿಟ್ಟಿದ್ದೇನೆ. ಮುಂದೆ ಯಾರಾದರೂ ಶಾಫ್ಟು ಹಾಕಿ ಓಡಿಸಿಬಿಟ್ಟರೆ ಕಷ್ಟ. "ಆಕ್ಸಲ್ ಎಳಿ ಅಂತ ನಾ ಹೇಳಿದ್ನಾ?" ಅಂತ ಮೇಸ್ತ್ರಿ ಒಂದೇ ಮಾತು ಕೇಳಿದರು. ಹೇಳಿರಲಿಲ್ಲ.

ಓಡಿಸಲಿಕ್ಕೆ ಜೀಪು ಈಗ ಹಗುರ ಅನ್ನಿಸುತ್ತದೆ. ಸ್ಟೇರಿಂಗ್ ತಿರುವಿನಿಂದ ತಾನಾಗಿ ವಾಪಸು ಬರುತ್ತದೆ. ಸದ್ದು ಕಡಿಮೆ, ಅಪ್ಪ ಹಿಂದಿನ ಸೀಟಿನಿಂದ ಮಾತಾಡಿದರೆ ಕೇಳುತ್ತದೆ. ಮೈಲೇಜು ಮಾತ್ರ ಯಾರೂ ನಂಬಿ ಕೂರಬೇಡಿ. ನನಗೆ ಲೀಟರಿಗೆ 10.5 ಬರುತ್ತಿದ್ದದ್ದು ಈಗ 11. ಹೌಸಿಂಗಿನ ಭಾರವನ್ನು ಇನ್ನೂ ಹೊತ್ತುಕೊಂಡೇ ತಿರುಗುತ್ತಿದ್ದೇನಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕೆಮ್ಮಣ್ಣಿನ ಮೇಲೆ ಹಿಂದಿನ ಚಕ್ರ ಸುಮ್ನೆ ಸುತ್ತುತ್ತದೆ. ಹಿಂದೆ ಎರಡು ಚೀಲ ಮರಳು ಇಟ್ಟುಕೊಂಡರೆ ಅರ್ಧ ಸಮಸ್ಯೆ ಪರಿಹಾರ.

ಆದರೆ ಒಂದು ವಿಷಯವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಲೋ ಗೇರು.

ನಮ್ಮ ಟ್ರಾನ್ಸ್‌ಫರ್ ಕೇಸಿಗೆ ಎರಡು ಸಣ್ಣ ಲಿವರು. ಒಂದು ಫೋರ್ ವೀಲಿಗೆ, ಇನ್ನೊಂದು ಹೈ-ಲೋಗೆ. ಮೊದಲಿನದನ್ನು ಫೋರ್‌ಗೆ ಹಾಕದೆ ಎರಡನೆಯದು ಲೋಗೆ ಬೀಳುವುದೇ ಇಲ್ಲ. ಒಳಗೆ ಬೇಕೆಂದೇ ಒಂದು ತಡೆ ಇಟ್ಟಿದ್ದಾರೆ. ಲೋದಲ್ಲಿ ಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ. ಅದು ಎರಡು ಹೌಸಿಂಗಿಗೆ ಹಂಚಿ ಹೋಗಲಿ ಎಂಬ ಲೆಕ್ಕ. ಶಾಫ್ಟು ಬಿಚ್ಚಿದ ಮೇಲೂ ಲಿವರ್ ಫೋರ್‌ಗೆ ಬೀಳುತ್ತದೆ, ಲೋ ಕೂಡ ಬೀಳುತ್ತದೆ. ಅಷ್ಟೂ ಬಲ ಹಿಂದಿನ ಶಾಫ್ಟೊಂದಕ್ಕೇ. ನಾನು ಇದನ್ನು ಕಂಡುಹಿಡಿದು ಖುಷಿಪಟ್ಟೆ. ಟೂ ವೀಲ್‌ನಲ್ಲೇ ಲೋ! ಟ್ರೇಲರ್ ತುಂಬ ಕೊಟ್ಟಿಗೆ ಗೊಬ್ಬರ ಹೇರಿಕೊಂಡು ತೋಟದ ಏರು ಹತ್ತಿಸಿದೆ. ಮೂರು ಟ್ರಿಪ್ಪು ಆನೆಯ ಹಾಗೆ ಹತ್ತಿತು. ನಾಲ್ಕನೇ ಟ್ರಿಪ್ಪಿಗೆ ಧಡ್ ಅಂತ ಹಿಂದಿನ ಶಾಫ್ಟಿನ ಕ್ರಾಸ್ ಮುರಿಯಿತು.

ಅಭ್ಯಾಸದಲ್ಲಿ ಹ್ಯಾಂಡ್ ಬ್ರೇಕ್ ಎಳೆದೆ. ಜೀಪು ನಿಧಾನಕ್ಕೆ ಹಿಂದೆ ಬರತೊಡಗಿತು. ಆ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿಗೆ ಅಂದೆನಲ್ಲ. ಅಲ್ಲಿಂದ ಚಕ್ರಕ್ಕೆ ಹೋಗುವ ಶಾಫ್ಟೇ ತುಂಡಾದ ಮೇಲೆ ಹ್ಯಾಂಡ್ ಬ್ರೇಕು ಹಿಡಿಯುವುದು ಯಾವುದನ್ನ? ಗೇರಿಗೆ ಹಾಕಿ ನಿಲ್ಲಿಸಲಿಕ್ಕೂ ಆಗುವುದಿಲ್ಲ. ಕಾಲಿನ ಬ್ರೇಕನ್ನು ಜೀವ ಬಿಗಿಹಿಡಿದು ಒತ್ತಿ ಕೂಗಿದೆ. ಗೊಬ್ಬರ ಹೊರುವವರು ಕಲ್ಲು ತಂದು ಚಕ್ರಕ್ಕೆ ಕೊಡುವ ತನಕ ಕಾಲು ತೆಗೆಯಲಿಲ್ಲ.

ಮೊದಲಾಗಿದ್ದರೆ ಇಂಥ ಹೊತ್ತಿಗೆ ಒಂದು ಉಪಾಯ ಇತ್ತು. ಮುರಿದ ಹಿಂದಿನ ಶಾಫ್ಟನ್ನು ಬಿಚ್ಚಿ ಹಿಂದೆ ಹಾಕಿಕೊಂಡು, ಫೋರ್‌ಗೆ ಹಾಕಿ, ಮುಂದಿನ ಚಕ್ರದ ಮೇಲೆ ಮೆಲ್ಲಗೆ ಮನೆಗೆ ಬರಬಹುದಿತ್ತು. ಅಪ್ಪ ಒಮ್ಮೆ ಹಾಗೆ ಬಂದದ್ದೂ ಉಂಟು. ಈ ಸಲ ಮುಂದಿನ ಶಾಫ್ಟು ಅಡಿಕೆ ಅಟ್ಟದಲ್ಲಿ ಗೋಣಿ ಹೊದ್ದು ಮಲಗಿತ್ತು. ಪಕ್ಕದ ಮನೆಯ ಟ್ರ್ಯಾಕ್ಟರ್ ಬಂದು ಎಳೆಯಿತು. ಆರು ಸಲದ ಲೆಕ್ಕ ಹಾಕುವಾಗ ಈ ಏಳನೆಯದು ನನ್ನ ತಲೆಯಲ್ಲಿ ಇರಲಿಲ್ಲ. ಈಗ ಲೋ ಲಿವರಿನ ದಾರಿಗೆ ಅಡ್ಡ ಒಂದು ತಗಡಿನ ಪಟ್ಟಿ ಬಿಗಿದಿದ್ದೇನೆ. ಗಾಡಿಯಲ್ಲಿ ಯಾವಾಗಲೂ ಚಕ್ರಕ್ಕೆ ಕೊಡಲಿಕ್ಕೆ ಎರಡು ಮರದ ತುಂಡು ಇರುತ್ತವೆ.

ಇದನ್ನು ಕೇಳಿ ಕಾರವಾರದ ಗೆಳೆಯನ ತಮ್ಮ ತನ್ನ ಹೊಸ ಫೋರ್ ವೀಲ್ ಗಾಡಿಗೂ ಹೀಗೇ ಮಾಡುತ್ತೇನೆ ಅಂತ ಹೊರಟಿದ್ದ. ಬೇಡ ಅಂದೆ. ಈಗಿನ ಬಹಳ ಗಾಡಿಗಳಲ್ಲಿ ಚಕ್ರದ ಬೇರಿಂಗು ಒಂದೇ ಗಂಟು. ಅದನ್ನು ಬಿಗಿಹಿಡಿದಿರುವುದು ಆಕ್ಸಲಿನ ತುದಿಯ ನಟ್ಟು. ಆಕ್ಸಲ್ ಎಳೆದು ಓಡಿಸಿದರೆ ಬೇರಿಂಗೇ ಬಿಚ್ಚಿಕೊಂಡು ಚಕ್ರ ಅಲ್ಲಾಡುತ್ತದೆ. ಯಾವಾಗಲೂ ನಾಲ್ಕೂ ಚಕ್ರಕ್ಕೆ ಬಲ ಹೋಗುವ, ನಡುವೆಯೂ ಒಂದು ಡಿಫರೆನ್ಷಿಯಲ್ (ಬಲ ಹಂಚುವ ಹಲ್ಲುಚಕ್ರಗಳ ಗಂಟು) ಇರುವ ಗಾಡಿಗಳದ್ದು ಇನ್ನೊಂದು ಕಥೆ. ಅಂಥದ್ದರ ಒಂದು ಶಾಫ್ಟು ಬಿಚ್ಚಿದರೆ ಬಲವೆಲ್ಲಾ ಬಿಚ್ಚಿದ ಕಡೆಗೇ ಸೋರುತ್ತದೆ. ನಡುವಿನದನ್ನು ಲಾಕ್ ಮಾಡದಿದ್ದರೆ ಗಾಡಿ ನಿಂತಲ್ಲಿಂದ ಅಲ್ಲಾಡುವುದಿಲ್ಲ.

ನಮ್ಮ ಜೀಪಿನ ಹೊಸ ಕ್ರಾಸು ಎರಡು ಹುಬ್ಬಳ್ಳಿಯಿಂದ ತಂದಿಟ್ಟಿದ್ದೇನೆ. ಬಲಗಡೆ ಆಕ್ಸಲಿಗೆ ಒಂದು, ಮುಂದಿನ ಶಾಫ್ಟಿಗೆ ಒಂದು. ಬೋಲ್ಟು, ಫ್ಲಾಂಜು, ಸರ್ಕ್ಲಿಪ್ಪು ಎಲ್ಲಾ ಗ್ರೀಸು ಹಚ್ಚಿ ಒಂದು ಡಬ್ಬಿಯಲ್ಲಿವೆ. ಕೊನೆ ಕೊಯ್ಲು ಮುಗಿದು ಅಡಿಕೆ ಒಣಗಿದ ಮೇಲೆ ಕೈಹಾಕಬೇಕು ಅಂತ ಇದೆ. ಹೋದ ವರ್ಷವೂ ಹಾಗೇ ಅಂದುಕೊಂಡಿದ್ದೆ.

ಅಪ್ಪನಿಗೆ ಬಿಚ್ಚಿದ್ದು ಗೊತ್ತು. ಅಟ್ಟಕ್ಕೆ ಹತ್ತಿದಾಗೆಲ್ಲ ಶಾಫ್ಟನ್ನು ದಾಟಿಯೇ ಹೋಗುತ್ತಾರೆ. ಆದರೂ ಬೆಟ್ಟದ ಏರು ಬಂದರೆ ಪಕ್ಕದ ಸೀಟಿನಿಂದ "ತಮಾ, ನಿಲ್ಸು, ಫೋರ್ ಹಾಕು" ಅನ್ನುತ್ತಾರೆ. ಓಡುವಾಗ ಹಾಕಿದರೆ ಮುಂದಿನ ಫ್ಲಾಂಜು ನಿಂತಿರುವುದರಿಂದ ಹಲ್ಲು ಕರ್ರ್ ಅನ್ನುತ್ತದೆ. ಹಾಗಾಗಿ ನಾನು ನಿಲ್ಲಿಸುತ್ತೇನೆ. ಅವರು ಬಗ್ಗಿ ತಾವೇ ಲಿವರ್ ಎಳೆಯುತ್ತಾರೆ. ಕಟಕ್ ಅಂತ ಬೀಳುತ್ತದೆ. "ಹ್ಞಾಂ, ಈಗ ಹೋಗು" ಅನ್ನುತ್ತಾರೆ. ಮರಳಿನ ಚೀಲ ಹಿಂದೆ ಇದೆಯಾ ಅಂತ ಒಮ್ಮೆ ಕನ್ನಡಿಯಲ್ಲಿ ನೋಡಿಕೊಂಡು ಹೊರಡುತ್ತೇನೆ.